ಕರ್ಚೀಪಿನ ಡಬ್ಬ

ನನ್ನ ಮೊಮ್ಮಗಳಿಗೆ ನಾಳೆಗೆ ಮೂರು ತಿಂಗಳು ತುಂಬುತ್ತದೆ. ಅವಳ ವಿಷಯ ಬರೆದಿಡೋಣವೆಂದೇ ಈ ನೋಟ್ ಪುಸ್ತಕ ತಂದೆ. ಬಲಮಗ್ಗುಲಾಗಿ ಮಲಗಿದರೆ ಅವಳ ಕಿವಿಯ ಅಂಚು ಮಡಚಿಕೊಳ್ಳುತ್ತದೆ. ನಾನು ಬೆರಳಲ್ಲಿ ಮೆಲ್ಲಗೆ ಬಿಡಿಸಿ ಸರಿಮಾಡುತ್ತೇನೆ. ‘ಇಸ್ತ್ರಿಯವನ ಚಾಳಿ, ಕೂಸಿನ ಕಿವೀಲೂ ಸುಕ್ಕು ಹುಡುಕ್ತಾರೆ’ ಎಂದು ನನ್ನ ಹೆಂಡತಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಹೇಳಲಿ. ನನಗೀಗ ಯಾರು ಏನಂದರೂ ನಗುವೇ ಬರುತ್ತದೆ. ಹಾಲು ತರಲು ಹೋದರೆ ಹಾಲಿನವನಿಗೂ ಕೂಸಿನ ಫೋಟೋ ತೋರಿಸಿಬಿಡುತ್ತೇನೆ. ಅವನು ನಿನ್ನೆಯೂ ನೋಡಿರುತ್ತಾನೆ, ಪಾಪ.

ಆದರೆ ಬರೆಯಲು ಕೂತರೆ ಕೂಸಿನ ಪಕ್ಕದಲ್ಲೇ ಇನ್ನೊಬ್ಬರು ಬಂದು ನಿಲ್ಲುತ್ತಾರೆ. ಅವರು ತೀರಿಕೊಂಡು ಆರು ವರ್ಷವಾಯಿತು. ಅವರ ಮಾತು ಮುಗಿಸದೆ ಕೂಸಿನ ಮಾತು ಶುರುಮಾಡಲು ನನ್ನಿಂದಾಗುವುದಿಲ್ಲವೆಂದು ಹೋದ ವಾರ ಗೊತ್ತಾಯಿತು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ತಿಳಿದ ಹಾಗೆ ಬರೆಯುತ್ತೇನೆ.

ಅವರ ಹೆಸರು ಬರೆಯುವುದಿಲ್ಲ. ಲಕ್ಷ್ಮೀಪುರಂನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಇಸ್ತ್ರಿಯಣ್ಣ ಎಂದರೆ ಸಾಕಿತ್ತು. ನಾನು ಬರೀ ಅಣ್ಣ ಎನ್ನುತ್ತಿದ್ದೆ. ಒಂದು ಅಡ್ಡರಸ್ತೆಯ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ ಅವರ ಗಾಡಿ. ಗಾಡಿಯ ಮೇಲೆ ಕಂಬಳಿ, ಕಂಬಳಿಯ ಮೇಲೆ ಬಿಳಿ ಬಟ್ಟೆ, ಬಲಗಡೆ ಇದ್ದಿಲು ತುಂಬಿದ ಇಸ್ತ್ರಿ ಪೆಟ್ಟಿಗೆ, ಎಡಗಡೆ ಒಂದು ಹಳೆಯ ಬಿಸ್ಕತ್ತಿನ ಡಬ್ಬ.

ನಾನು ಮೊದಲ ಸಲ ಆ ಗಾಡಿಯ ಮುಂದೆ ನಿಂತಾಗ ನನಗೆ ಮೂವತ್ತೆರಡು ವರ್ಷ. ಕೆಲಸ ಮಾಡುತ್ತಿದ್ದ ಮಿಲ್ಲು ಬಾಗಿಲು ಹಾಕಿತ್ತು. ಅದೇ ತಿಂಗಳು ತಾಯಿ ತೀರಿಕೊಂಡಿದ್ದರು. ಹೆಂಡತಿ ಕಾಮಾಲೆ ಹಿಡಿದು ಮಲಗಿದ್ದಳು. ಈಗ ಬಾಣಂತಿಯಾಗಿ ಮನೆಯಲ್ಲಿರುವ ಈ ಮಗಳೇ ಆಗ ಎಂಟು ತಿಂಗಳ ಕೂಸು, ಪಕ್ಕದ ಮನೆಯವರ ಸೊಂಟದ ಮೇಲಿದ್ದಳು. ಕೈಯಲ್ಲಿ ಒಂದು ಶರ್ಟು ಹಿಡಿದು ಗಾಡಿಯ ಹತ್ತಿರ ಹೋಗಿ ನಿಂತೆ. 

‘ಯಾವತ್ತಿಗೆ ಬೇಕಪ್ಪ?’ ಎಂದರು.

‘ಗೊತ್ತಿಲ್ಲ.’

‘ಎಲ್ಲಿಗೆ ಓಯ್ತಾ ಇದ್ದೀಯಾ ಆಕ್ಕೊಂಡು?’

‘ಗೊತ್ತಿಲ್ಲ.’

ಅವರು ನಗಲಿಲ್ಲ. ನನ್ನ ಮುಖ ನೋಡಿದರು, ಕೈ ನೋಡಿದರು. ಕೈ ನಡುಗುತ್ತಿತ್ತು. ‘ಬಾ ಈ ಕಡಿಕೆ’ ಎಂದು ಗಾಡಿಯ ಹಿಂದೆ ತಮ್ಮ ಜಾಗದಲ್ಲೇ ನಿಲ್ಲಿಸಿದರು. ಬಿಸ್ಕತ್ತಿನ ಡಬ್ಬದಿಂದ ಒಂದು ಕರ್ಚೀಪು ತೆಗೆದು ಮುಂದೆ ಹರಡಿದರು. ಪೆಟ್ಟಿಗೆಯ ಹಿಡಿ ನನ್ನ ಕಡೆ ತಿರುಗಿಸಿದರು.

‘ನನಗೆ ಬರಲ್ಲ’ ಎಂದೆ.

‘ಎಷ್ಟು ಮೂಲೆ ಐತೆ ಎಣ್ಸು.’

‘ನಾಲ್ಕು.’

‘ಎಣ್ಸಕ್ಕೆ ಬತ್ತದಲ್ಲ, ಅಷ್ಟೇ ಸಾಕು. ಒಂದು ಮೂಲೆಯಿಂದ ಶುರು ಮಾಡು. ಬಾಕಿ ಮೂರು ಎಲ್ಲೂ ಓಗಲ್ಲ.’

‘ಸುಟ್ಟುಹೋದ್ರೆ?’

‘ಸುಟ್ರೆ ಕರ್ಚೀಪು ತಾನೆ. ರೇಷ್ಮೆ ಪಂಚೆ ಕೊಟ್ಟಿಲ್ವಲ್ಲ ನಿನ್ಗೆ.’

ಸುಡಲಿಲ್ಲ. ನಾಲ್ಕನೇ ಮೂಲೆ ಮುಗಿಸಿ ಮಡಚುವ ಹೊತ್ತಿಗೆ ನನ್ನ ಕೈ ನಡುಕ ನಿಂತಿತ್ತು. ಶರ್ಟು ಮಾರನೇ ದಿನ ಬೆಳಿಗ್ಗೆಗೆ ಬೇಕು, ನಜರ್‌ಬಾದಿನ ಒಂದು ಗೋಡೌನಿನಲ್ಲಿ ಕೆಲಸ ಕೇಳಲು ಹೋಗಬೇಕು ಎಂಬುದೂ ನೆನಪಾಯಿತು. ಆ ಕೆಲಸ ಸಿಗಲಿಲ್ಲ. ಸಿಗಲಿಲ್ಲವೆಂದು ಹೇಳಲು ಅಣ್ಣನ ಹತ್ತಿರ ಹೋದವನು ಅಲ್ಲೇ ಉಳಿದೆ. ಇಪ್ಪತ್ತೆರಡು ವರ್ಷ ಅವರ ಜೊತೆ ನಿಂತೆ.

ಆ ಡಬ್ಬದ ಗುಟ್ಟು ಆಮೇಲೆ ತಿಳಿಯಿತು. ಯಾವ ಮನೆಯ ಗಂಟು ಬಂದರೂ ಅಣ್ಣ ಮೊದಲು ಅದರೊಳಗಿನ ಕರ್ಚೀಪುಗಳನ್ನು ಆರಿಸಿ ಡಬ್ಬಕ್ಕೆ ಹಾಕುತ್ತಿದ್ದರು. ಬೇರೆ ಇಸ್ತ್ರಿಯವರು ಗಂಟಿಗೆ ಗಂಟೇ ಮುಗಿಸುತ್ತಾರೆ, ಅದೇ ಸುಲಭ. ಇವರು ಮಾತ್ರ ಕೆಲಸ ತಲೆಗೆ ಹತ್ತಿದಾಗಲೆಲ್ಲ ಪಂಚೆ, ಸೀರೆ, ಪ್ಯಾಂಟು ಎಲ್ಲ ಪಕ್ಕಕ್ಕೆ ಸರಿಸಿ ಡಬ್ಬಕ್ಕೆ ಕೈಹಾಕುತ್ತಿದ್ದರು. ಒಂದೇ ಒಂದು ಕರ್ಚೀಪು. ಅದನ್ನು ಅವಸರವಿಲ್ಲದೆ ತೀಡಿ, ಮಡಚಿ, ಮೇಲೊಂದು ಸಲ ಅಂಗೈ ಒತ್ತಿ ಆಮೇಲೆ ತಲೆಯೆತ್ತಿ ಬಟ್ಟೆಯ ಗುಡ್ಡೆಯ ಕಡೆ ನೋಡುತ್ತಿದ್ದರು.

ಕರ್ಚೀಪುಗಳಿಗೆ ಗುರುತಿನ ದಾರ ಕಟ್ಟಲು ಜಾಗವಿಲ್ಲ. ಹಾಗಾಗಿ ಎಷ್ಟೋ ಸಲ ಒಂದು ಮನೆಯದು ಇನ್ನೊಂದು ಮನೆಗೆ ಹೋಗುತ್ತಿತ್ತು. ಒಂದು ದಿನ ವಕೀಲರ ಮನೆಯ ಅಮ್ಮ ಗಾಡಿಯ ಹತ್ತಿರವೇ ಬಂದರು.

‘ಏನ್ರೀ ಇಸ್ತ್ರಿಯಣ್ಣ, ನಮ್ಮನೆಯವ್ರು ಕೋರ್ಟಲ್ಲಿ ಜೇಬಿಂದ ಕರ್ಚೀಫ್ ತೆಗೆದ್ರಂತೆ. ಸುತ್ತಲೂ ಗುಲಾಬಿ ಹೂವು. ಜಡ್ಜೇ ನಕ್ಬಿಟ್ರಂತೆ.’

‘ಕೇಸು ಏನಾಯ್ತಮ್ಮ?’

‘ಗೆದ್ರು.’

‘ಅಂಗಾದ್ರೆ ಮುಂದಿನ ಕೇಸಿಗೂ ಅದನ್ನೇ ಕಳಿಸ್ತೀನಿ ಬುಡಿ.’

ಆ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾ ಹೋದರು. ಗುಲಾಬಿ ಹೂವಿನದನ್ನು ವಾಪಸ್ಸು ಕೊಡಲೇ ಇಲ್ಲ.

ಅಣ್ಣ ಕುಳ್ಳಗಿದ್ದರು. ಪೆಟ್ಟಿಗೆ ಎತ್ತಿ ಎತ್ತಿ ಬಲಭುಜ ಒಂದು ಬೆರಳಿನಷ್ಟು ಇಳಿದಿತ್ತು. ಪೆಟ್ಟಿಗೆಯ ಕಾವನ್ನು ಕೆನ್ನೆಯ ಹತ್ತಿರ ಹಿಡಿದು ನೋಡುತ್ತಿದ್ದರು, ತಾಯಿ ಕೂಸಿನ ಜ್ವರ ನೋಡುವ ಹಾಗೆ. ಟೀಯನ್ನು ಸಾಸರಿಗೆ ಸುರಿದುಕೊಂಡೇ ಕುಡಿಯುತ್ತಿದ್ದರು. ಊರವರ ಬಟ್ಟೆಯೆಲ್ಲ ಗರಿಗರಿ, ಅವರ ಸ್ವಂತ ಶರ್ಟು ಮಾತ್ರ ಯಾವಾಗಲೂ ಮುದ್ದೆ. ‘ನಿಮ್ಮದೊಂದು ತೀಡ್ಕೊಡ್ತೀನಿ ಅಣ್ಣ’ ಎಂದರೆ, ‘ಬ್ಯಾಡ ಬುಡು, ಆಮೇಲೆ ಗಿರಾಕಿ ಯಾರು ಇಸ್ತ್ರಿಯವನ್ಯಾರು ಅಂತ ಜನಕ್ಕೆ ಗೊತ್ತಾಗಲ್ಲ’ ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಅಗ್ರಹಾರದ ವಠಾರವೊಂದರಲ್ಲಿ ತಂಗಿಯ ಮನೆಯಲ್ಲಿದ್ದರು.

ಒಂದು ಸಲ ದಸರಾಕ್ಕೆ ಎರಡು ದಿನ ಇರುವಾಗ ಆದದ್ದನ್ನು ಹೇಳಬೇಕು. ಎಲ್ಲ ಮನೆಗಳಲ್ಲೂ ನೆಂಟರು, ಗಾಡಿಯ ಮೇಲೆ ಹದಿನಾರು ಮನೆಯ ಗಂಟು. ಬಿಚ್ಚಿಟ್ಟ ಗಂಟುಗಳ ಪಕ್ಕಕ್ಕೆ ಒಂದು ಹಸು ಬಂದು ಗಾಡಿಯ ಕಾಲಿಗೆ ಮೈ ಉಜ್ಜಿತು. ಅಷ್ಟೇ. ಹದಿನಾರು ಮನೆಯ ಬಟ್ಟೆಯೂ ರಸ್ತೆಗೆ. ಅರ್ಧ ಚರಂಡಿಯ ಪಕ್ಕ, ಅರ್ಧ ಹಸುವಿನ ಕಾಲ ಕೆಳಗೆ. ಅದೇ ಹೊತ್ತಿಗೆ ಮೂರು ಮನೆಯವರು ಬಟ್ಟೆ ಒಯ್ಯಲು ಬಂದರು. ಒಬ್ಬರು ಬೈಯುತ್ತಿದ್ದರು, ಇನ್ನೊಬ್ಬರು ‘ಅಯ್ಯೋ ನನ್ನ ಜರಿ ಸೀರೆ’ ಎನ್ನುತ್ತಿದ್ದರು. ನನಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟೆ.

ಅಣ್ಣ ಎಲ್ಲವನ್ನೂ ಎತ್ತಿ ಗಾಡಿಯ ಮೇಲೆ ಹಾಕಿದರು. ಆಮೇಲೆ ಡಬ್ಬಕ್ಕೆ ಕೈಹಾಕಿ ಒಂದು ಕರ್ಚೀಪು ತೆಗೆದರು. ಬಂದಿದ್ದವರು ಬಾಯಿ ಬಿಟ್ಟುಕೊಂಡು ನೋಡಿದರು.

‘ಏನ್ರೀ ಇದು, ಮನೆ ಹತ್ತಿ ಉರೀತಿರೋವಾಗ ಕರ್ಚೀಫು ತೀಡ್ತಾ ನಿಂತಿದ್ದೀರಲ್ಲ?’

‘ಒಂದು ನಿಮಿಷ ಕಣಮ್ಮ. ನಂಗೂ ಗಾಬರಿ ಆಗೈತೆ. ಇದು ಮುಗೀಲಿ, ನಿಮ್ ಸೀರೆ ಉಡುಕ್ತೀನಿ.’

‘ನಂಗೂ ಗಾಬರಿ ಆಗೈತೆ’ ಎಂದು ಅವರು ಎಲ್ಲರ ಮುಂದೆ ಅಂದದ್ದು ನನಗೆ ಇನ್ನೂ ಕಿವಿಯಲ್ಲಿದೆ. ಆ ಕರ್ಚೀಪು ಮುಗಿಯಿತು. ಕಾಲರಿಗೆ ಕಟ್ಟಿದ ದಾರದ ಗುರುತು ನೋಡಿ ಒಂದೊಂದೇ ಬಟ್ಟೆ ಎತ್ತಿ, ‘ವಕೀಲರ ಮನೆ, ಬ್ಯಾಂಕಿನೋರು, ಮಹಡಿ ಮನೆ’ ಎಂದು ಹೇಳುತ್ತಾ ಹೋದರು. ಬೈಯುತ್ತಿದ್ದವರೇ ಬಾಗಿ ಬಟ್ಟೆ ಆರಿಸಿಕೊಟ್ಟರು. ಸಂಜೆಯೊಳಗೆ ಹದಿನಾರು ಗಂಟೂ ಮನೆ ಸೇರಿತು.

ಆ ಕರ್ಚೀಪಿನ ಮದ್ದು ನನಗೊಬ್ಬನಿಗೆ ಮಾತ್ರ ಕೊಟ್ಟದ್ದಲ್ಲ. ಪರೀಕ್ಷೆಗೆ ಹೆದರಿದ ಕಾಲೇಜು ಹುಡುಗಿ, ಗಂಡ ತೀರಿಹೋದ ಟೀಚರಮ್ಮ ಆ ಗಾಡಿಯ ಹಿಂದೆ ನಿಂತದ್ದನ್ನು ನೋಡಿದ್ದೇನೆ. ಒಬ್ಬ ಪೊಲೀಸಿನವರು, ಈ ಪಾಟಿ ಮೀಸೆ, ಟೋಪಿ ತೆಗೆದು ಪಕ್ಕಕ್ಕಿಟ್ಟು, ನಾಲಿಗೆ ಹೊರಗೆ ಹಾಕಿಕೊಂಡು ಒಂದು ಪುಟ್ಟ ಲೇಸಿನ ಕರ್ಚೀಪನ್ನು ತೀಡುತ್ತಿದ್ದರು. ಅವರಿಗೆ ಏನಾಗಿತ್ತೋ, ಅಣ್ಣ ಕೇಳಲಿಲ್ಲ, ಅವರೂ ಹೇಳಲಿಲ್ಲ.

‘ಇದ್ರಿಂದ ಕಷ್ಟ ಓಯ್ತದಾ ಅಣ್ಣ?’ ಎಂದು ನಾನೊಮ್ಮೆ ಕೇಳಿದೆ.

‘ಎಲ್ಲಿ ಓಯ್ತದೆ. ಅದು ಅಲ್ಲೇ ಕೂತಿರ್ತದೆ. ಕೈ ನಡುಗೋದು ನಿಲ್ತದೆ ಕಣಪ್ಪ. ಕೈ ನಿಂತ್ರೆ ಮುಂದಿಂದು ಕಾಣ್ತದೆ.’

ಅವರ ಬುದ್ಧಿಮಾತೆಂದರೆ ಇಷ್ಟೇ. ಇದಕ್ಕಿಂತ ಉದ್ದದ್ದನ್ನು ಅವರು ಹೇಳಿದ್ದು ನೆನಪಿಲ್ಲ.

ಎಪ್ಪತ್ತು ಹತ್ತಿರವಾದಾಗ ಅಣ್ಣನಿಗೆ ಮರೆವು ಶುರುವಾಯಿತು. ಮೂವತ್ತು ವರ್ಷ ತೀಡಿದ ವಕೀಲರ ಶರ್ಟನ್ನೇ ಎತ್ತಿ, ‘ಇದು ಯಾರ ಮನೇದಪ್ಪ?’ ಎನ್ನುತ್ತಿದ್ದರು. ಕಾಲರಿನ ಗುರುತು ಅವರಿಗೆ ಏನನ್ನೂ ಹೇಳುತ್ತಿರಲಿಲ್ಲ. ಒಂದು ದಿನ ಸೀರೆಯ ಮೇಲೆ ಪೆಟ್ಟಿಗೆ ಇಟ್ಟವರು ಎತ್ತುವುದನ್ನೇ ಮರೆತು ಮರದ ಕಡೆ ನೋಡುತ್ತಾ ನಿಂತುಬಿಟ್ಟರು. ಹೊಗೆ ಬಂತು. ನಾನು ಓಡಿಹೋಗಿ ಎತ್ತಿದೆ. ವಕೀಲರ ಮಗಳು ರಿಸೆಪ್ಷನ್ನಿಗೆ ಉಡಬೇಕಿದ್ದ ರೇಷ್ಮೆ ಸೀರೆ ಅದು. ಸೆರಗಿನ ಮೇಲೆ ಪೆಟ್ಟಿಗೆಯ ಅಚ್ಚು ಮೂಡಿತ್ತು. ವಕೀಲರ ಮನೆಯ ಅಮ್ಮ ದೊಡ್ಡವರು, ಒಂದು ಮಾತು ಬೈಯಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, ‘ಪಾಪ, ಇನ್ನು ಅವರನ್ನ ಮನೇಲಿ ಆರಾಮಾಗಿ ಕೂರಿಸ್ರೀ’ ಎಂದರು.

ಮಾರನೇ ದಿನ ನಾನು ಅಣ್ಣನಿಗೆ ಹೇಳಿದೆ. ಮೃದುವಾಗಿಯೇ ಹೇಳಿದೆ.

‘ಅಣ್ಣ, ಇನ್ಮೇಲೆ ನೀವು ಬರ್ಬೇಡಿ. ಎಲ್ಲ ನಾನು ನೋಡ್ಕೋತೀನಿ.’

‘ಎಲ್ಲಾನೂವೆ?’

‘ಎಲ್ಲಾನೂ.’

ಅವರು ಪೆಟ್ಟಿಗೆಯ ಹಿಡಿಯನ್ನೊಮ್ಮೆ ಅಂಗೈಯಲ್ಲಿ ಒತ್ತಿ ಹಿಡಿದರು. ಆಮೇಲೆ ಅದನ್ನು ನನ್ನ ಕಡೆ ತಿರುಗಿಸಿಟ್ಟು ಹೋದರು. ಇಪ್ಪತ್ತೆರಡು ವರ್ಷದ ಹಿಂದೆ ತಿರುಗಿಸಿದ ಹಾಗೇ. ನಾನು ಅವತ್ತು ಸಮಾಧಾನದ ಉಸಿರು ಬಿಟ್ಟೆ. ಸುಳ್ಳು ಯಾಕೆ ಬರೆಯಲಿ.

ನಾಲ್ಕು ದಿನವಾದ ಮೇಲೆ ಅಣ್ಣ ಬೆಳಿಗ್ಗೆ ಬಂದರು. ಅಗ್ರಹಾರದಿಂದ ನಡೆದುಕೊಂಡೇ ಬಂದಿದ್ದರು. ಕೈಯಲ್ಲಿ ಒಂದು ಕರ್ಚೀಪು, ಒಗೆದದ್ದು, ಮುದುರಿದ್ದು. ಗಾಡಿಯ ಮುಂದೆ, ಗಿರಾಕಿಗಳು ನಿಲ್ಲುವ ಕಡೆ ನಿಂತರು. ನಾನು ಸಂತೋಷದಿಂದ, ‘ಬನ್ನಿ ಅಣ್ಣ, ಕೊಡಿ ಇಲ್ಲಿ’ ಎಂದು ಕಿತ್ತುಕೊಂಡ ಹಾಗೇ ತೆಗೆದುಕೊಂಡು, ಎರಡು ಸಲ ಪೆಟ್ಟಿಗೆ ಆಡಿಸಿ, ಮಡಚಿ ಕೈಗಿಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಹೋದರು.

ಮಾರನೇ ದಿನ ಮತ್ತೆ. ಅದರ ಮಾರನೇ ದಿನ ಮತ್ತೆ. ಅದೇ ಕರ್ಚೀಪು. ಒಂದೊಂದು ದಿನ ನಾನು ತೀಡಿ ಕೊಟ್ಟದ್ದನ್ನು ಅಲ್ಲೇ ಮುಷ್ಟಿಯಲ್ಲಿ ಮುದುರಿ ಮತ್ತೆ ಗಾಡಿಯ ಮೇಲೆ ಇಡುತ್ತಿದ್ದರು. ನಾನು ನಗುತ್ತಾ ಮತ್ತೆ ತೀಡಿ ಕೊಡುತ್ತಿದ್ದೆ. ‘ಎಷ್ಟು ತಾಳ್ಮೆ ಕಣ್ರೀ ನಿಮ್ಗೆ, ಸ್ವಂತ ಮಗನೂ ಹೀಗೆ ನೋಡ್ಕೊಳ್ಳಲ್ಲ’ ಎಂದು ಬಂದವರು ನನ್ನನ್ನು ಹೊಗಳುತ್ತಿದ್ದರು. ನನಗೂ ಹಾಗೇ ಅನಿಸುತ್ತಿತ್ತು. ತನ್ನ ಶರ್ಟಿಗೆ ಜೀವಮಾನದಲ್ಲಿ ಇಸ್ತ್ರಿ ಹಾಕಿಸಿಕೊಳ್ಳದ ಮನುಷ್ಯ ಒಂದು ಕರ್ಚೀಪಿಗೆ ಇಸ್ತ್ರಿ ಹಾಕಿಸಲು ಅಷ್ಟು ದೂರ ಯಾಕೆ ನಡೆದು ಬರುತ್ತಾರೆ ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ.

ಕೊನೆಯ ದಿನ ಕೆಲಸ ಬಹಳವಿತ್ತು. ಮದುವೆ ಮನೆಯ ಗಂಟು ಬಂದಿತ್ತು. ತಲೆಯೆತ್ತದೆಯೇ, ‘ಅಲ್ಲಿಟ್ಟು ಹೋಗಿ ಅಣ್ಣ, ನಾಳೆ ಬನ್ನಿ’ ಎಂದೆ. ಇಟ್ಟು ಹೋದರು. ನಾಳೆ ಬರಲಿಲ್ಲ. ಮೂರನೇ ದಿನ, ಅಣ್ಣ ನಿದ್ದೆಯಲ್ಲೇ ಹೋದರೆಂದು ಅವರ ತಂಗಿ ಹೇಳಿಕಳಿಸಿದರು.

ಅವತ್ತು ವಠಾರದ ಜಗಲಿಯ ಮೇಲೆ ಕೂತು ಆ ತಂಗಿಯೇ ನನಗೊಂದು ಮಾತು ಹೇಳಿದರು. ‘“ತಲೆ ಎಲ್ಲಾ ಗೋಜಲಾಗೈತೆ ಕಣವ್ವ, ಕೆಲ್ಸಕ್ಕೆ ಓಗ್ಬರ್ತೀನಿ” ಅಂತ ದಿನಾ ನಂಗೆ ಏಳ್ಬುಟ್ಟೇ ಬರ್ತಿದ್ದ ಕಣಪ್ಪ ನಿನ್ತಾವ್ಕೆ.’ ಕೆಲಸಕ್ಕೆ ಎಂದದ್ದನ್ನು ನಾನು ಮರೆವಿನ ಮಾತು ಎಂದುಕೊಂಡೆ. ಗಾಡಿಗೆ ಬಂದು ಅವರು ಬಿಟ್ಟುಹೋಗಿದ್ದ ಕರ್ಚೀಪನ್ನು ಚೆನ್ನಾಗಿ ತೀಡಿ, ಮಡಚಿ, ಡಬ್ಬದ ತಳದಲ್ಲಿಟ್ಟೆ. ಅವರಿಗೆ ಸೇವೆ ಮಾಡಿದೆ ಅಂದುಕೊಂಡು ಆರು ವರ್ಷ ಕಳೆದೆ.

ಈಗ ಹೋದ ವಾರದ ಮಾತಿಗೆ ಬರುತ್ತೇನೆ.

ಕೂಸು ಮನೆಗೆ ಬಂದಾಗಿನಿಂದ ನಾನೂ ನನ್ನ ಹೆಂಡತಿಯೂ ನೆಲದ ಮೇಲೆ ನಡೆಯುತ್ತಿಲ್ಲ. ಅವಳು ಎಣ್ಣೆ ತಿಕ್ಕಿ ನೀರು ಹಾಕುತ್ತಾಳೆ, ಸಾಂಬ್ರಾಣಿ ಹೊಗೆ ಹಿಡಿಯುತ್ತಾಳೆ, ತೊಟ್ಟಿಲು ತೂಗುತ್ತಾಳೆ. ನಾನು ಕೂಸಿನ ಬಟ್ಟೆ ಒಗೆಯುತ್ತೇನೆ, ಒಂದೊಂದಕ್ಕೂ ಇಸ್ತ್ರಿ ಹಾಕುತ್ತೇನೆ. ಬೆಚ್ಚಗಿನ ಬಟ್ಟೆ ಕೂಸಿಗೆ ಹಿತ. ಮಗಳು ಏನಾದರೂ ಮಾಡಲು ಎದ್ದರೆ ನಾವಿಬ್ಬರೂ ಒಟ್ಟಿಗೆ, ‘ನೀನು ಸುಮ್ನೆ ಮಲಕ್ಕೊಳವ್ವ, ಎಲ್ಲ ನಾವು ನೋಡ್ಕೋತೀವಿ’ ಎನ್ನುತ್ತಿದ್ದೆವು. ಮಗಳು ದಿನದಿಂದ ದಿನಕ್ಕೆ ಸಪ್ಪಗಾದಳು. ಊಟ ಸೇರುತ್ತಿರಲಿಲ್ಲ. ಭಾನುವಾರ ಅಳಿಯ ನಂಜನಗೂಡಿನಿಂದ ಬಂದರೆ ಅವನ ಜೊತೆಗೂ ಮಾತಿಲ್ಲ. ಬಾಣಂತಿ, ಸುಸ್ತಾಗಿದ್ದಾಳೆ ಎಂದುಕೊಂಡೆವು.

ಹೋದ ಗುರುವಾರ ಬೆಳಿಗ್ಗೆ ಹನ್ನೆರಡು ಬಟ್ಟೆ ತೀಡಿ, ಒಂದರ ಮೇಲೊಂದು ಜೋಡಿಸಿ ಅವಳ ಮಂಚದ ಮೇಲಿಟ್ಟೆ. ಹೆಮ್ಮೆಯಿಂದ ನೋಡುತ್ತಾ ನಿಂತಿದ್ದೆ. ಮಗಳು ಮೇಲಿನದೊಂದನ್ನು ತೆಗೆದು ಮುಷ್ಟಿಯಲ್ಲಿ ಹಿಡಿದು ಮುದುರಿದಳು. ಆಮೇಲೆ ತೊಡೆಯ ಮೇಲೆ ಹರಡಿಕೊಂಡು ಅಂಗೈಯಿಂದ ಒತ್ತಿ ಒತ್ತಿ ಸರಿಮಾಡಲು ನೋಡಿದಳು.

‘ಕೊಡವ್ವ ಇಲ್ಲಿ, ಇನ್ನೊಂದ್ಸಲ ತೀಡ್ಕೊಡ್ತೀನಿ’ ಎಂದು ನಗುತ್ತಾ ಕೈ ಚಾಚಿದೆ.

ಚಾಚಿದ ಕೈ ಅಲ್ಲೇ ನಿಂತಿತು. ಆ ಮುಷ್ಟಿಯನ್ನು ನಾನು ನೋಡಿದ್ದೆ. ಅದೇ ನಗುವಿನಿಂದ, ಅದೇ ಮಾತು ಹೇಳಿ, ಹೀಗೇ ಕೈ ಚಾಚಿದ್ದೆ.

ಅಣ್ಣ ಕರ್ಚೀಪಿಗೆ ಇಸ್ತ್ರಿ ಹಾಕಿಸಲು ಬರುತ್ತಿರಲಿಲ್ಲ. ಇಸ್ತ್ರಿ ಮಾಡಲು ಬರುತ್ತಿದ್ದರು. ತಲೆಯೊಳಗೆ ಹದಿನಾರು ಮನೆಯ ಬಟ್ಟೆ ಕಲಸಿಹೋಗಿತ್ತು ಅವರಿಗೆ, ಯಾವುದರ ಗುರುತೂ ಸಿಗುತ್ತಿರಲಿಲ್ಲ. ತಾವು ಎಲ್ಲರಿಗೂ ಕೊಟ್ಟ ಮದ್ದನ್ನು ತಮಗಾಗಿ ಕೇಳಲು ನಡೆದು ಬರುತ್ತಿದ್ದರು. ಅವರಿಗೆ ಬೇಕಿದ್ದದ್ದು ನಾಲ್ಕು ಮೂಲೆ, ಕೈಗೊಂದು ಪೆಟ್ಟಿಗೆ, ಪಕ್ಕದಲ್ಲಿ ಹೊಗೆ ಬಾರದ ಹಾಗೆ ನೋಡಿಕೊಂಡು ನಿಲ್ಲುವ ಒಬ್ಬ ಮನುಷ್ಯ. ನಾನು ಅಷ್ಟು ದಿನವೂ ಎರಡು ಏಟಿಗೆ ತೀಡಿ ಅವರ ಕೈಯಿಂದ ಅದನ್ನೂ ಕಿತ್ತುಕೊಂಡೆ.

ಮಗಳು ಅಳುತ್ತಿದ್ದಳು. ‘ನಂಗೆ ಏನೂ ತಿಳೀತಿಲ್ಲ ಅಪ್ಪ. ಅದು ಯಾಕೆ ಅಳುತ್ತೆ ಗೊತ್ತಾಗಲ್ಲ. ಒಬ್ಬೊಬ್ರು ಒಂದೊಂದು ಹೇಳ್ತಾರೆ. ಎತ್ಕೊಳ್ಳೋಣ ಅನ್ನೋಷ್ಟರಲ್ಲಿ ಅಮ್ಮ ಬಂದು ಎತ್ಕೋತಾರೆ, ಅದು ಸುಮ್ನಾಗ್ಬುಡುತ್ತೆ. ನಾನ್ಯಾಕಿದ್ದೀನಿ ಇಲ್ಲಿ?’

ನಾನು ಇಸ್ತ್ರಿ ಪೆಟ್ಟಿಗೆ ತಂದೆ. ಮನೆಯದು ಕರೆಂಟಿನದು, ಹಗುರ. ಮೇಜಿನ ಮೇಲೆ ಕಂಬಳಿ ಹಾಸಿ ಅವಳು ಮುದುರಿದ ಬಟ್ಟೆ ಹರಡಿದೆ. ಹಿಡಿಯನ್ನು ಅವಳ ಕಡೆ ತಿರುಗಿಸಿದೆ.

‘ಎಷ್ಟು ಮೂಲೆ ಐತೆ ಎಣ್ಸವ್ವ.’

‘ಏನಪ್ಪ ಇದು.’

‘ಎಣ್ಸು.’

‘ನಾಲ್ಕು.’

‘ಒಂದರಿಂದ ಶುರು ಮಾಡು. ಬಾಕಿ ಮೂರು ಎಲ್ಲೂ ಓಗಲ್ಲ.’

ಮೂಗು ಒರೆಸಿಕೊಂಡು ಶುರು ಮಾಡಿದಳು. ನಾನು ಬೆನ್ನ ಹಿಂದೆ ಕೈಕಟ್ಟಿ ನಿಂತೆ. ಅವಳ ಮಡಿಕೆ ಸೊಟ್ಟಗಿತ್ತು. ನನ್ನ ಬೆರಳು ಕಡಿಯುತ್ತಿತ್ತು, ಆದರೂ ಮುಟ್ಟಲಿಲ್ಲ. ನಾಲ್ಕನೇ ಮೂಲೆಯ ಹೊತ್ತಿಗೆ ಕೂಸು ಎದ್ದು ಅತ್ತಿತು. ನನ್ನ ಹೆಂಡತಿ ಅಡುಗೆಮನೆಯಿಂದ ಓಡಿಬಂದಳು. ಬಾಗಿಲಲ್ಲೇ ಅವಳ ಕೈ ಹಿಡಿದು ನಿಲ್ಲಿಸಿದೆ. ‘ಬುಡ್ರೀ, ಕೂಸು ಅಳ್ತಾ ಐತೆ’ ಎಂದಳು. ‘ಅಳ್ಳಿ, ಅದರವ್ವ ಅವ್ಳೆ’ ಎಂದೆ. ಮಗಳು ಪೆಟ್ಟಿಗೆ ಪಕ್ಕಕ್ಕಿಟ್ಟು, ಬೆಚ್ಚಗಿದ್ದ ಆ ಸೊಟ್ಟ ಬಟ್ಟೆಯನ್ನೇ ತೆಗೆದುಕೊಂಡು ಹೋಗಿ ಕೂಸನ್ನು ಸುತ್ತಿ ಎತ್ತಿಕೊಂಡಳು. ಸುಮ್ಮನಾಗಲು ಬಹಳ ಹೊತ್ತಾಯಿತು. ಆದರೆ ಸುಮ್ಮನಾಯಿತು.

ಎಲ್ಲ ಸರಿಹೋಯಿತೆಂದು ಬರೆಯುವುದಿಲ್ಲ. ಮಾರನೇ ದಿನ ಆಸ್ಪತ್ರೆಗೂ ಕರೆದುಕೊಂಡು ಹೋಗಿಬಂದೆವು. ಡಾಕ್ಟರಮ್ಮ ಅವಳನ್ನು ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿಸಿದರು, ಮತ್ತೆ ಬರಲು ಹೇಳಿದ್ದಾರೆ. ಈಗ ಕೂಸಿಗೆ ನೀರು ಹಾಕುವುದು ಮಗಳೇ. ನನ್ನ ಹೆಂಡತಿ ಪಕ್ಕದಲ್ಲಿ ಕೈ ಮೇಲೆ ಕೈ ಇಟ್ಟುಕೊಂಡು ಕೂತಿರುತ್ತಾಳೆ. ಅಷ್ಟು ಕಷ್ಟದ ಕೆಲಸ ಅವಳು ಜೀವಮಾನದಲ್ಲಿ ಮಾಡಿಲ್ಲ.

ಇವತ್ತು ಬೆಳಿಗ್ಗೆ ಗಾಡಿಗೆ ಹೋದವನು ಡಬ್ಬ ಬಗ್ಗಿಸಿ ತಳದಲ್ಲಿದ್ದ ಅಣ್ಣನ ಕರ್ಚೀಪು ತೆಗೆದೆ. ಆರು ವರ್ಷದಿಂದ ನನ್ನ ಮಡಿಕೆ ಹಾಗೇ ಇತ್ತು, ಅಂಚಿಗೆ ಅಂಚು ಕೂಡಿ, ಗೆರೆ ಎಳೆದ ಹಾಗೆ. ಬಿಚ್ಚಿದೆ. ಮುಷ್ಟಿಯಲ್ಲಿ ಹಿಡಿದು ಚೆನ್ನಾಗಿ ಮುದುರಿದೆ. ಗಾಡಿಯ ಹಿಂದೆ, ಅವರು ನಿಲ್ಲುತ್ತಿದ್ದ ಜಾಗದ ಮುಂದೆ ಅದನ್ನು ಇಟ್ಟೆ. ಪೆಟ್ಟಿಗೆಯ ಹಿಡಿಯನ್ನು ಆ ಕಡೆ ತಿರುಗಿಸಿದೆ. ಆಮೇಲೆ ಈ ಕಡೆ ಬಂದು, ಗಿರಾಕಿಗಳು ನಿಲ್ಲುವ ಕಡೆ, ಸ್ವಲ್ಪ ಹೊತ್ತು ನಿಂತಿದ್ದೆ.